ಇಪ್ಪತ್ತೊಂದು ತುಂಡು

ಅಕ್ಟೋಬರ್ ೬

ಅಪ್ಪಾ,

ಹಾಸ್ಟೆಲ್ಲಿಗೆ ವಾಪಸು ಬಂದು ನಾಲ್ಕು ದಿನವಾಯಿತು. ಮೊನ್ನೆ ಫೋನಿನಲ್ಲಿ "ಹೊಸ ರೂಮು ಸಿಕ್ತು" ಎಂದು ನಾನು ಮೂರು ಸಲ ಕಿರುಚಿದೆ. ನೀನು ಮೂರು ಸಲವೂ "ನಂದು ಊಟ ಆಯ್ತು, ನಿಂದು?" ಎಂದೆ. ಅಷ್ಟರಲ್ಲಿ ನಮ್ಮ ಸಾಲಿನ ಬಾಗಿಲುಗಳೆಲ್ಲ ತೆರೆದುಕೊಂಡಿದ್ದವು. ಇಪ್ಪತ್ತೆಂಟು ವರ್ಷ ಟೈಲ್ಸ್ ಕಟರ್ ಪಕ್ಕ ಕೂತ ಕಿವಿಯನ್ನು ಬಯ್ದು ಏನು ಪ್ರಯೋಜನ? ಎಂ.ಎಸ್ಸಿ. ಮೊದಲ ವರ್ಷ ಕಾಗದದಲ್ಲೇ ಕಳೆಯಿತು, ಎರಡನೆಯದೂ ಹಾಗೇ ಕಳೆಯಲಿ.

ರೂಮು ಮೂರನೇ ಮಹಡಿಯಲ್ಲಿದೆ. ಬಾಗಿಲಿನ ಹತ್ತಿರ ನೆಲ ಕಾಲು ಇಂಚು ತಗ್ಗಿದೆ, ಪೆನ್ಸಿಲ್ ಬಿದ್ದರೆ ಸೀದಾ ಹೊರಗೆ ಓಡುತ್ತದೆ. ಹಾಕಿದ ಪುಣ್ಯಾತ್ಮ ರಸಮಟ್ಟವನ್ನು ಮನೆಯಲ್ಲೇ ಮರೆತು ಬಂದಿದ್ದನೇನೋ. ರೂಮ್‌ಮೇಟ್ ಕೆಮಿಸ್ಟ್ರಿಯವಳು, ಒಳ್ಳೆಯವಳು, ಆದರೆ ಅವಳ ಬಿಳಿ ಕೋಟಿನ ವಾಸನೆಗೆ ಸೊಳ್ಳೆ ಕೂಡ ಒಳಗೆ ಬರುವುದಿಲ್ಲ.

ಈ ವರ್ಷ ಒಬ್ಬೊಬ್ಬರೂ ಒಂದೊಂದು ಪ್ರಾಜೆಕ್ಟ್ ಮಾಡಬೇಕು. ನನಗೆ ಗೈಡ್ ಆಗಿ ಸಿಕ್ಕಿರುವುದು 'ಹೂಂ ಮೇಡಂ'. ನಾವು ಸರಿ ಹೇಳಲಿ, ತಪ್ಪು ಹೇಳಲಿ, ಅವರು ಕನ್ನಡಕ ಒರೆಸುತ್ತಾ "ಹೂಂ" ಎನ್ನುತ್ತಾರೆ. ಅವರು ಚೀಟಿಯಲ್ಲಿ ಬರೆದುಕೊಟ್ಟ ಪ್ರಶ್ನೆ ಕೇಳಿದರೆ ನೀನು ನಗುತ್ತೀಯ, ಅದು ನಿನ್ನ ಕೆಲಸವೇ.

ಎರಡು ಚೌಕ ಅಗಲ, ಮೂರು ಚೌಕ ಉದ್ದದ ಟೈಲ್ಸ್ ಒಂದಿದೆ ಎಂದುಕೋ. ಅದರ ಒಂದು ಮೂಲೆಯ ಚೌಕವನ್ನು ಕತ್ತರಿಸಿ ಎಸೆದರೆ ಐದು ಚೌಕದ ಸೊಟ್ಟ ತುಂಡು ಉಳಿಯುತ್ತದೆ. ಇಂಥ ಎರಡನ್ನು ಎದುರುಬದುರು ಕೂಡಿಸಿದರೆ ಎರಡು ಅಗಲ, ಐದು ಉದ್ದದ ಅಚ್ಚುಕಟ್ಟಾದ ಆಯತ ಬರುತ್ತದೆ. ಅಂದರೆ ಎರಡು ತುಂಡಿನಿಂದ ಆಯತ ಆಗುತ್ತದೆ, ನಾಲ್ಕರಿಂದಲೂ ಆಗುತ್ತದೆ, ಆರರಿಂದಲೂ ಆಗುತ್ತದೆ. ಚೀಟಿಯಲ್ಲಿದ್ದದ್ದು ಇಷ್ಟೇ: "ಬೆಸ ಸಂಖ್ಯೆಯ ತುಂಡುಗಳಿಂದ ಯಾವ ಆಯತವೂ ಆಗುವುದಿಲ್ಲ. ಸಾಧಿಸಿ." ಮೂರರಿಂದ ಆಗದು, ಐದರಿಂದ ಆಗದು, ಸಾವಿರದ ಒಂದರಿಂದಲೂ ಆಗದು ಎಂದು ಯಾರೂ ತಕರಾರು ತೆಗೆಯದ ಹಾಗೆ ತೋರಿಸಬೇಕು. ತುಂಡನ್ನು ತಿರುಗಿಸಬಹುದು, ಮಗುಚಬಹುದು, ಒಡೆಯುವಂತಿಲ್ಲ.

ಅಮ್ಮನಿಗೆ ಹೇಳು, ಸ್ವೆಟರ್ ಹಾಕಿಕೊಳ್ಳುತ್ತಿದ್ದೇನೆ.

ನಿನ್ನ
ಟೇಪಮ್ಮ


ಅಕ್ಟೋಬರ್ ೧೯

ಟೇಪಮ್ಮನಿಗೆ,

ನಿನ್ನ ಕಾಗದ ಬಂದಾಗ ನಾನು ಹಲ್ಲಿನ ಡಾಕ್ಟರ ಹೊಸ ಕ್ಲಿನಿಕ್ಕಿನಲ್ಲಿ ಮೊಣಕಾಲೂರಿ ಕೂತಿದ್ದೆ. ನಿಮ್ಮಮ್ಮ ಅಲ್ಲಿಗೇ ತಂದುಕೊಟ್ಟಳು. ಡಾಕ್ಟರೂ ಬಗ್ಗಿ ಓದಿದರು. "ಇದಕ್ಕೆಲ್ಲಾ ಯೂನಿವರ್ಸಿಟಿಲಿ ಪಾಠ ಮಾಡ್ತಾರಾ?" ಎಂದರು. ನಾನು ಗಂಭೀರವಾಗಿ, "ಎಂ.ಎಸ್ಸಿ. ಲೆವೆಲ್ಲು ಸಾರ್" ಎಂದೆ.

ಆದರೆ ನಿಮ್ಮ ಮೇಡಂಗೆ ಒಂದು ವಿಷಯ ತಿಳಿಸು. ಟೈಲ್ಸ್ ಮಗುಚಲು ಬರುವುದಿಲ್ಲ. ಮಗುಚಿದರೆ ಹೊಳಪು ಸಿಮೆಂಟಿಗೆ ಹೋಗಿ, ಗಿರಾಕಿ ನಮ್ಮನ್ನೇ ಮಗುಚಿ ಹಾಕುತ್ತಾನೆ. ಎಡಗೈ ತುಂಡು, ಬಲಗೈ ತುಂಡು ಎಂದು ಎರಡು ಬಗೆ ಬೇರೆ ಬೇರೆ ಕತ್ತರಿಸಬೇಕು. ಇನ್ನೊಂದು ಮಾತು. ಆಗುವುದಿಲ್ಲ ಎಂದು ತೋರಿಸುವುದಕ್ಕೆ ಅಷ್ಟು ದೂರ ಹೋಗಿ ಓದಬೇಕೇ? ನಮ್ಮ ಕೆಲಸದಲ್ಲಿ "ಆಗಲ್ಲ" ಅಂದರೆ ಗಿರಾಕಿ ಮಾರನೇ ದಿನವೇ ಬೇರೆ ಮೇಸ್ತ್ರಿಯನ್ನು ಕರೆತರುತ್ತಾನೆ.

ತಮಾಷೆಗೆ ಹೇಳಿದೆ. ಮೂರು ವರ್ಷದ ಮಗುವಾಗಿದ್ದಾಗ ಅಳತೆ ಟೇಪು ಹಿಡಿದು ಮನೆಯೆಲ್ಲ ಓಡಾಡಿ, ಬೆಕ್ಕನ್ನೂ ಬಿಡದೆ ಅಳೆದವಳು ನೀನು. ಇದನ್ನೂ ಅಳೆದು ಬಿಸಾಡುತ್ತೀಯ.

ನಿನ್ನಪ್ಪ

ನಾನು ಅಮ್ಮ. ಸ್ವೆಟರ್ ಇಲ್ಲೇ ಬೀರುವಿನಲ್ಲಿದೆ. ಏನನ್ನು ಹಾಕಿಕೊಳ್ಳುತ್ತಿದ್ದೀಯ?


ನವೆಂಬರ್ ೨೩

ಅಪ್ಪಾ, ಅಮ್ಮಾ,

ಆಯಿತು! ಮೂರೂವರೆ ಪುಟದ ಪ್ರೂಫ್ ಬರೆದು ಮುಗಿಸಿದೆ. ಎರಡು ವಾರ ಮೂರು ತುಂಡು, ಏಳು ತುಂಡು ಎಂದು ಕಾಗದ ಕತ್ತರಿಸಿ ರೂಮೆಲ್ಲ ಕಸ ಮಾಡಿದ್ದೆ. ಮಂಗಳವಾರ ಬಸ್ಸಿಗೆ ಕಾಯುತ್ತಾ ನಿಂತಾಗ ಥಟ್ಟನೆ ಹೊಳೆಯಿತು. ಅಪ್ಪನಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಆಯತದ ಮೂಲೆಯಿಂದ ಶುರುಮಾಡು. ಮೂಲೆಯಲ್ಲಿ ಒಂದು ತುಂಡು ಕೂರಲೇಬೇಕು. ಅದರ ಸೊಟ್ಟ ಜಾಗವನ್ನು ಪಕ್ಕದ ತುಂಡು ಬಂದು ತುಂಬಲೇಬೇಕು. ಅವೆರಡೂ ಸೇರಿ ಆಯತ. ಆ ಜೋಡಿಯನ್ನು ತೆಗೆದಿಟ್ಟು ಮುಂದಿನ ಮೂಲೆಗೆ ಹೋಗು. ಹೀಗೆ ಜೋಡಿ ಜೋಡಿಯಾಗಿಯೇ ಮುಗಿಯುವುದರಿಂದ ಬೆಸ ಬರಲು ಸಾಧ್ಯವೇ ಇಲ್ಲ.

ಮೇಡಂಗೆ ಕೊಟ್ಟೆ. ಅಲ್ಲೇ ನಿಂತು ಪೂರ್ತಿ ಓದಿದರು. "ಹೂಂ" ಎಂದರು. ನಾನು ಕಾದೆ. "ಫೆಬ್ರವರಿ ಹನ್ನೆರಡಕ್ಕೆ ಸೆಮಿನಾರು. ಬೋರ್ಡ್ ಮೇಲೆ ಹೇಳು, ನೋಡೋಣ" ಎಂದರು. ಅವರ ಬಾಯಿಂದ ಒಟ್ಟಿಗೆ ಇಷ್ಟು ಮಾತು ಬಂದದ್ದು ಇದೇ ಮೊದಲಂತೆ.

ಈ ಸೆಮಿನಾರಿನ ಮೇಲೆ ನನ್ನ ಮುಂದಿನದೆಲ್ಲ ನಿಂತಿದೆ. ಪ್ರತಿ ವರ್ಷ ನಮ್ಮ ವಿಭಾಗದಿಂದ ಒಬ್ಬರನ್ನು ಮಾತ್ರ ಸಂಶೋಧನೆಗೆ ಕಳಿಸುತ್ತಾರೆ. ಐದು ವರ್ಷ, ಇನ್ನೂ ದೂರದ ಊರು, ದೊಡ್ಡ ಲೈಬ್ರರಿ, ತಿಂಗಳ ಖರ್ಚೂ ಅವರದೇ. ಹೆಸರು ಬರೆದುಕೊಡುವವರು ಹೂಂ ಮೇಡಂ. ನಾವು ಹದಿನಾಲ್ಕು ಜನ ಇದ್ದೇವೆ. ನನಗೆ ಅದು ಬೇಕು ಅಪ್ಪ, ತುಂಬಾ ಬೇಕು. ಸಿಗದಿದ್ದರೆ ನಮ್ಮೂರ ಶಾಲೆಯ ದೊಡ್ಡ ಟೀಚರ್ ಜೂನ್‌ನಿಂದ ಲೆಕ್ಕದ ಟೀಚರ್ ಕೆಲಸ ಕೊಡುತ್ತೇನೆಂದಿದ್ದಾರಲ್ಲ, ಅದಿದೆ. ಅವರಿಗೆ ಮಾರ್ಚ್ ಕೊನೆಯೊಳಗೆ ಉತ್ತರ ಕೊಡಬೇಕು.

ನಿಮ್ಮ
ಟೇಪಮ್ಮ


ಡಿಸೆಂಬರ್ ೪

ಟೇಪಮ್ಮನಿಗೆ,

ನಿನ್ನ ಪ್ರೂಫನ್ನು ನಾನು ಕ್ಲಿನಿಕ್ಕಿನಲ್ಲಿ ಮೂರು ಜನ ರೋಗಿಗಳಿಗೆ ವಿವರಿಸಿದೆ. ಬಾಯಿ ತೆರೆದುಕೊಂಡು ಕೂತವರು, ಪಾಪ, ಎದುರಾಡುವ ಸ್ಥಿತಿಯಲ್ಲಿರಲಿಲ್ಲ.

ಒಂದೇ ಒಂದು ವಿಷಯಕ್ಕೆ ನಗು ಬಂತು. ಮೂಲೆಯಿಂದ ಶುರುಮಾಡು ಅಂತ ಬರೆದಿದ್ದೀಯ. ಮೇಸ್ತ್ರಿಯ ಮಗಳಾಗಿ! ಮೂಲೆಯಿಂದ ಶುರುಮಾಡುವವನು ಕಲಿಯುವ ಕೆಲಸಗಾರ. ನಾವು ಕೋಣೆಯ ನಡುವೆ ದಾರ ಹೊಡೆದು, ನಡುವಿನಿಂದ ಹಾಕುತ್ತಾ ಹೋಗಿ, ಮೂಲೆಗೆ ಕೊನೆಗೆ ಹೋಗುತ್ತೇವೆ. ನಿಮ್ಮ ಗಣಿತದಲ್ಲಿ ಗೋಡೆಗಳು ನೆಟ್ಟಗಿರುತ್ತವೆ, ಅದಕ್ಕೆ ನಡೆಯುತ್ತದೆ ಅಂತ ಕಾಣುತ್ತದೆ.

ನಿನಗೊಂದು ಉಡುಗೊರೆ ಮಾಡುತ್ತಿದ್ದೇನೆ. ನಿನ್ನ ಕಿಟಕಿಯ ಕೆಳಗೆ ಹಾಕಲು ಓದುವ ಮೇಜು, ಅದರ ಮೇಲೆ ನಿನ್ನ ಈ ಸೊಟ್ಟ ತುಂಡುಗಳನ್ನೇ ಕೂರಿಸುತ್ತೇನೆ. ಮೊದಲು ಟೈಲ್ಸ್ ಪೆಟ್ಟಿಗೆಯ ರಟ್ಟು ಕತ್ತರಿಸಿ ಹೊಂದಿಸಿ ನೋಡಿ, ಆಮೇಲೆ ಟೈಲ್ಸ್.

ದೊಡ್ಡ ಟೀಚರ್ ಅಂಗಡಿ ಹತ್ತಿರ ಸಿಕ್ಕಿದ್ದರು. ನಿನ್ನನ್ನು ಕೇಳಿದರು. ಅವಳ ಇಷ್ಟ ಎಂದೆ. ಶಾಲೆಯಿಂದ ನಮ್ಮ ಮನೆಗೆ ನಡೆದರೆ ಹನ್ನೊಂದು ನಿಮಿಷ. ಸುಮ್ಮನೆ ನಡೆದು ನೋಡಿದೆ.

ನಿನ್ನಪ್ಪ


ಜನವರಿ ೨

ಅಪ್ಪಾ,

ಒಂದು ತಿಂಗಳಾಯಿತು, ಉತ್ತರವೇ ಇಲ್ಲ. ನಾನು ಕಳಿಸಿದ ಎರಡು ಕಾಗದ ಸಿಕ್ಕವೋ ಇಲ್ಲವೋ?

ಇಲ್ಲಿ ದಿನವೂ ಖಾಲಿ ಕ್ಲಾಸಿನಲ್ಲಿ ಬೋರ್ಡ್ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೇನೆ. ರೂಮ್‌ಮೇಟ್ ಮೊದಲ ಬೆಂಚಿನಲ್ಲಿ ಕೂತು, ಏನೂ ಅರ್ಥವಾಗದಿದ್ದರೂ, ಮೇಡಂ ಥರ "ಹೂಂ" ಎನ್ನುತ್ತಾಳೆ. ನಿನ್ನೆ ಅವಳ ಹೂಂಗೆ ನನಗೆ ನಿಜವಾಗಿಯೂ ಬೆವರಿತು. ಮೇಜು ಎಲ್ಲಿಗೆ ಬಂತು?

ಟೇಪಮ್ಮ


ಜನವರಿ ೧೧

ಮಗಳಿಗೆ,

ಕಾಗದಗಳು ಬಂದವು. ನಾವು ಚೆನ್ನಾಗಿದ್ದೇವೆ. ಡಾಕ್ಟರ ಕ್ಲಿನಿಕ್ಕು ಮುಗಿಯಿತು. ಬಚ್ಚಲಿನ ನಲ್ಲಿ ಸೋರುತ್ತಿತ್ತು, ವಾಷರ್ ಬದಲಾಯಿಸಿದೆ. ಮೇಜಿನ ಕೆಲಸ ಸದ್ಯಕ್ಕೆ ನಿಂತಿದೆ. ಸೆಮಿನಾರಿಗೆ ಚೆನ್ನಾಗಿ ತಯಾರಾಗು. ಬೇರೆ ಯೋಚನೆ ಮಾಡಬೇಡ.

ಅಪ್ಪ


ಜನವರಿ ೧೯

ಮಗಳೇ,

ನಿಮ್ಮಪ್ಪನಿಗೆ ನಾನು ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಆದ್ದರಿಂದ ಬರೆಯುತ್ತಿದ್ದೇನೆ.

ಮನೆಯಲ್ಲಿ ಮೂರು ವಾರದಿಂದ ಒಂದು ಮೇಜಿನ ಹಲಗೆ ಹೊದಿಕೆ ಹೊದ್ದು ಮಲಗಿದೆ. ನಾನು ಹತ್ತಿರ ಹೋದರೆ ನಿಮ್ಮಪ್ಪ ಕೆಮ್ಮುತ್ತಾರೆ. ಮಾತಾಡಿಸಿದರೆ ಕಿವಿ ಕೇಳಿಸದವರ ಹಾಗೆ ಮಾಡುತ್ತಾರೆ, ಕೇಳಿಸುವ ಎಡಗಿವಿಯ ಕಡೆ ನಿಂತರೂ. ಮೊನ್ನೆ ಅನ್ನಕ್ಕೆ ನೀರು ಇಟ್ಟು ಅಕ್ಕಿ ಹಾಕುವುದನ್ನೇ ಮರೆತಿದ್ದರು.

ಆ ಹಲಗೆಯಲ್ಲಿ ಏನಿದೆ ಎಂದು ನಾನು ಹೇಳುವುದಿಲ್ಲ. ನಾನು ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ದಿನಕ್ಕೆ ಸಾವಿರ ಮಾತ್ರೆ ಎಣಿಸುವವಳು, ಎಣಿಕೆಯಲ್ಲಿ ಎಂದೂ ತಪ್ಪುವುದಿಲ್ಲ. ಅಷ್ಟು ಮಾತ್ರ ಹೇಳುತ್ತೇನೆ. ಉಳಿದದ್ದನ್ನು ನೀನು ಅವರನ್ನೇ ಕೇಳು. ಎಷ್ಟು ತುಂಡು ಎಂದು ಕೇಳು.

ಸ್ವೆಟರ್ ಈ ಪಾರ್ಸೆಲ್ಲಿನಲ್ಲಿದೆ.

ಅಮ್ಮ


ಜನವರಿ ೨೩

ಅಪ್ಪಾ,

ಎಷ್ಟು ತುಂಡು?

ಟೇಪಮ್ಮ


ಜನವರಿ ೨೭

ಟೇಪಮ್ಮಾ,

ಇಪ್ಪತ್ತೊಂದು.

ನಡೆದದ್ದನ್ನು ಬರೆಯುತ್ತೇನೆ. ನನ್ನ ಹತ್ತಿರ ಹದಿನಾಲ್ಕು ಇಂಚು ಅಗಲ, ಮೂವತ್ತು ಇಂಚು ಉದ್ದದ ಹಲಗೆಯೊಂದಿತ್ತು, ನಿನ್ನ ಕಿಟಕಿಗೆ ಹೇಳಿ ಮಾಡಿಸಿದ ಹಾಗಿತ್ತು. ಎರಡಿಂಚಿನ ಚೌಕ ಎಳೆದೆ. ಅಗಲಕ್ಕೆ ಏಳು, ಉದ್ದಕ್ಕೆ ಹದಿನೈದು, ಒಂದು ಕೂದಲಿನಷ್ಟೂ ಮಿಗಲಿಲ್ಲ. ಎಷ್ಟು ಖುಷಿಯಾಯಿತೆಂದರೆ ತುಂಡು ಎಷ್ಟು ಬೇಕೆಂದು ಲೆಕ್ಕ ಹಾಕಲೇ ಇಲ್ಲ. ರಟ್ಟಿಗೇನು ದುಡ್ಡು ಕೊಡಬೇಕೇ? ಒಂದು ಪೆಟ್ಟಿಗೆ ತುಂಬಾ ಕತ್ತರಿಸಿಕೊಂಡೆ.

ಮೊದಲು ನೀನು ಹೇಳಿದ ಹಾಗೆ ಮೂಲೆಯಿಂದ ಜೋಡಿ ಜೋಡಿಯಾಗಿ ಇಟ್ಟೆ. ಪ್ರತಿ ಸಲವೂ ಕೊನೆಯಲ್ಲಿ ಐದು ಚೌಕ ತುಂಬದೆ ಉಳಿಯುತ್ತಿತ್ತು. ಕೈಯೇ ಸರಿಯಿಲ್ಲ ಎಂದುಕೊಂಡೆ. ಎಂಟು ದಿನ ಬಿಟ್ಟು, ಎಂದಿನಂತೆ ನಡುವೆ ದಾರ ಹೊಡೆದು ನಡುವಿನಿಂದ ಕೂರಿಸಿದೆ. ಜೋಡಿಯ ಗೋಜಿಗೆ ಹೋಗಲಿಲ್ಲ, ಕೈಗೆ ಬಂದ ಹಾಗೆ ಒಂದಕ್ಕೊಂದು ಸಿಕ್ಕಿಸಿದೆ. ಕಿತ್ತೆ, ಮತ್ತೆ ಕೂರಿಸಿದೆ. ಕ್ಲಿನಿಕ್ಕಿನಿಂದ ಬಂದು ದಿನವೂ ಸಂಜೆ ಇದೇ ಕೆಲಸ. ಡಿಸೆಂಬರ್ ಇಪ್ಪತ್ತೆಂಟಕ್ಕೆ ನಾಲ್ಕು ಮೂಲೆಯೂ ತುಂಬಿತು. ನಿಮ್ಮಮ್ಮನನ್ನು ಕರೆದು, "ಬಾರೇ, ಎಷ್ಟು ಟೈಲ್ಸ್ ಬೇಕೋ ಎಣಿಸಿ ಹೇಳು" ಎಂದೆ. "ಇಪ್ಪತ್ತೊಂದು" ಎಂದಳು. "ಇನ್ನೊಂದು ಸಲ ಎಣಿಸು" ಎಂದೆ. "ಇಪ್ಪತ್ತೊಂದೂರೀ, ಬೇಕಾದ್ರೆ ಸ್ಟ್ರಿಪ್ಪು ಕಟ್ಟಿ ಕೊಡ್ಲಾ?" ಎಂದಳು.

ಬೆಸ. ನಿನ್ನ ಕಾಗದ ತೆಗೆದು ಮತ್ತೆ ಓದಿದೆ, ನಾನೇ ತಪ್ಪು ತಿಳಿದಿದ್ದೇನೇನೋ ಎಂದು. ಇಲ್ಲ.

ನಿನಗೇಕೆ ಬರೆಯಲಿಲ್ಲ ಎಂದು ಕೇಳಬಹುದು. ಸೆಮಿನಾರಿಗೆ ಆರೇ ವಾರ ಇತ್ತು ಎನ್ನುವುದು ಒಂದು ಕಾರಣ. ಅದನ್ನೇ ನಿಮ್ಮಮ್ಮನಿಗೂ ಹೇಳಿದೆ. ಇನ್ನೊಂದನ್ನು ಅವಳಿಗೂ ಹೇಳಿಲ್ಲ. ನಿನ್ನ ಪ್ರೂಫ್ ಬಿದ್ದರೆ ಸಂಶೋಧನೆಯ ಸೀಟು ಹೋಗುತ್ತದೆ, ನೀನು ಊರಿಗೆ ಬಂದು ಶಾಲೆ ಸೇರುತ್ತೀಯ, ಹನ್ನೊಂದು ನಿಮಿಷದಲ್ಲಿ ಮನೆಯಲ್ಲಿರುತ್ತೀಯ. ಹೊದಿಕೆ ಎಳೆದು ಮುಚ್ಚುವಾಗ ನನಗೆ ಇದು ಹೊಳೆಯಿತು, ಮತ್ತು ಒಂದು ಗಳಿಗೆ ಸಂತೋಷವಾಯಿತು. ಆ ಸಂತೋಷಕ್ಕೆ ನಾಚಿಕೆಯಾಗಿ ಇಷ್ಟು ದಿನ ಇದನ್ನು ಬರೆಯಲಿಲ್ಲ. ಮಗಳ ಕಾಲಡಿಯ ನೆಲ ಕಿತ್ತು ಮನೆಗೆ ಕರೆಸಿಕೊಳ್ಳುವ ಅಪ್ಪ ನಾನಾಗಬಾರದು.

ಹಿಂದಿನ ಪುಟದಲ್ಲಿ ಚಿತ್ರ ಬರೆದಿದ್ದೇನೆ. ತುಂಡಿಗೊಂದು ನಂಬರು ಹಾಕಿದ್ದೇನೆ. ನಾನೇ ತಪ್ಪಾಗಿರಲಿ ಎಂದು ಆಸೆ.

ನಿನ್ನಪ್ಪ


ಫೆಬ್ರವರಿ ೩

ಅಪ್ಪಾ,

ನೀನು ತಪ್ಪಾಗಿಲ್ಲ. ಗ್ರಾಫ್ ಹಾಳೆಯಲ್ಲಿ ಒಂದೊಂದು ತುಂಡನ್ನೂ ಬಣ್ಣ ಹಚ್ಚಿ ನೋಡಿದೆ. ಹದಿನೆಂಟನೆಯ ತುಂಡಿನವರೆಗೂ ಎಲ್ಲೋ ಎಡವಟ್ಟಾಗಿದೆ ಎಂದು ಆಸೆಪಟ್ಟೆ. ಇಪ್ಪತ್ತೊಂದನೆಯದೂ ಸರಿಯಾಗಿ ಕೂತಾಗ ಹಾಳೆಯ ಮೇಲೆ ತಲೆಯಿಟ್ಟು ಗೋಳೋ ಎಂದು ಅತ್ತೆ. ಕೆನ್ನೆಗೆ ಹಸಿರು ಬಣ್ಣ ಮೆತ್ತಿಕೊಂಡಿತ್ತು. ರೂಮ್‌ಮೇಟ್ ಬಂದವಳು ನನಗೇನೋ ರೋಗ ಬಂದಿದೆ ಎಂದು ಹೌಹಾರಿದಳು. ಅಳುತ್ತಲೇ ನಗು ಬಂತು.

ವಿಷಯ ಕೇಳಿ ಅವಳೆಂದಳು: "ಯಾರಿಗೂ ಹೇಳ್ಬೇಡ ಕಣೇ. ಮೇಡಂ ಓದಿ ಹೂಂ ಅಂದಿದಾರೆ. ನಿಮ್ಮಪ್ಪ ಏನ್ ಬಂದು ಬೋರ್ಡ್ ಮೇಲೆ ಬರೀತಾರಾ?" ನಾನು ಎರಡು ದಿನ ಅದನ್ನೇ ಯೋಚಿಸಿದೆ. ಸುಳ್ಳೇಕೆ ಹೇಳಲಿ, ಹಾಗೇ ಮಾಡಿಬಿಡೋಣ ಎಂದೂ ಅನ್ನಿಸಿತು. ಚಿತ್ರ ನಾನೇ ಕಂಡುಹಿಡಿದದ್ದು ಎಂದರೆ ಇನ್ನೂ ದೊಡ್ಡ ಹೆಸರು ಬರುತ್ತದೆ ಎಂದೂ ಅನ್ನಿಸಿತು. ಆದರೆ ಬೋರ್ಡ್ ಮುಂದೆ ಅಭ್ಯಾಸಕ್ಕೆ ನಿಂತಾಗ "ತುಂಬಲೇಬೇಕು" ಎಂಬ ಮಾತು ಬಾಯಿಂದ ಹೊರಡಲೇ ಇಲ್ಲ.

ಮತ್ತೆ ನನ್ನ ಮೂರೂವರೆ ಪುಟ ಹಿಡಿದು ಕೂತೆ. ತಪ್ಪು ಎರಡನೇ ಪುಟದಲ್ಲಿದೆ, ಒಂದೇ ಸಾಲು. ಎರಡು ಚೌಕ ಅಗಲದ ಪಟ್ಟಿಯಲ್ಲಿ ನನ್ನ ಮಾತು ನೂರಕ್ಕೆ ನೂರು ನಿಜ. ಅಲ್ಲಿ ಜಾಗವೇ ಇಲ್ಲ, ಪಕ್ಕದ ತುಂಡು ಬಂದು ಜೋಡಿಯಾಗಲೇಬೇಕು. ಅಲ್ಲಿ ನೋಡಿದ್ದನ್ನು ಎಲ್ಲ ಆಯತಕ್ಕೂ ಅನ್ವಯಿಸಿಬಿಟ್ಟೆ. ಅಗಲ ಜಾಸ್ತಿಯಿದ್ದರೆ ಆ ಸೊಟ್ಟ ಜಾಗಕ್ಕೆ ತುಂಡು ಕೆಳಗಿನಿಂದಲೂ ಬರಬಹುದು, ಅಡ್ಡಡ್ಡವಾಗಿಯೂ ಬರಬಹುದು. ಮೂಲೆಯಲ್ಲೇ ಕಣ್ಣು ನೆಟ್ಟಿದ್ದರಿಂದ ನನಗೆ ನಡು ಕಾಣಲಿಲ್ಲ.

ನಿನ್ನ ಆ ಒಂದು ಗಳಿಗೆಯ ಸಂತೋಷದ ಬಗ್ಗೆ: ನನಗೆ ಕೋಪ ಬರಲಿಲ್ಲ. ನನ್ನನ್ನು ಯಾರಾದರೂ ಅಷ್ಟು ಬಯಸುತ್ತಾರಲ್ಲ ಎಂದು ಹೊಟ್ಟೆ ತಣ್ಣಗಾಯಿತು. ಇನ್ನು ಮುಂದೆ ಏನಿದ್ದರೂ ಬರಿ. ವಾಷರಿನ ವಿಷಯ ಮಾತ್ರ ಬರೆಯಬೇಡ.

ಮೇಡಂ ಹತ್ತಿರ ಹೋಗಿ "ನನ್ನ ಪ್ರೂಫ್ ತಪ್ಪು ಮೇಡಂ, ಪ್ರಶ್ನೆಯೂ ತಪ್ಪು" ಎಂದೆ. ಕನ್ನಡಕ ಒರೆಸಿದರು. "ಹೂಂ. ಬೋರ್ಡ್ ಮೇಲೆ ಹೇಳು" ಎಂದರು. ಈ ಹೂಂ ಯಾವ ಜಾತಿಯದೋ ಗೊತ್ತಾಗಲಿಲ್ಲ. ಒಂಬತ್ತು ದಿನ ಇದೆ.

ಟೇಪಮ್ಮ


ಫೆಬ್ರವರಿ ೧೪

ಅಪ್ಪಾ, ಅಮ್ಮಾ,

ಮುಗಿಯಿತು. ಮೊದಲಿನಿಂದ ಹೇಳುತ್ತೇನೆ.

ಐದು ಜನ ಮೇಷ್ಟ್ರುಗಳು ಮುಂದಿನ ಸಾಲಿನಲ್ಲಿ. ಅವರಲ್ಲೊಬ್ಬರು ಹೊರಗಿನಿಂದ ಬಂದ ಪ್ರೊಫೆಸರು, ಸಂಶೋಧನಾ ಸಂಸ್ಥೆಯವರೇ. ನಾನು ಚೀಟಿಯಲ್ಲಿದ್ದ ಪ್ರಶ್ನೆ ಬರೆದೆ, ಅದರ ಕೆಳಗೆ ನನ್ನ ಪ್ರೂಫ್ ಬರೆದೆ, ಎಲ್ಲರೂ ತಲೆಯಾಡಿಸುತ್ತಿದ್ದಾಗ ಆ ಸಾಲಿಗೆ ಅಡ್ಡಗೆರೆ ಎಳೆದು "ಇದು ಸುಳ್ಳು" ಎಂದೆ. ಆಮೇಲೆ ನಿನ್ನ ಚಿತ್ರವನ್ನು ದೊಡ್ಡದಾಗಿ ಬಿಡಿಸಿದ್ದ ಹಾಳೆಯನ್ನು ಬೋರ್ಡಿಗೆ ಅಂಟಿಸಿದೆ. ಎಲ್ಲರೂ ತುಟಿಯಲ್ಲೇ ತುಂಡು ಎಣಿಸುತ್ತಿದ್ದರು.

"ಇದನ್ನ ಕಂಡುಹಿಡಿದಿದ್ದು ಯಾರಮ್ಮ?" ಎಂದರು ಆ ಪ್ರೊಫೆಸರು.

"ನಮ್ಮಪ್ಪ ಸರ್."

"ಓಹೋ. ಎಲ್ಲಿ ಪಾಠ ಮಾಡ್ತಾರೆ?"

"ಪಾಠ ಮಾಡಲ್ಲ ಸರ್. ಟೈಲ್ಸ್ ಹಾಕ್ತಾರೆ."

ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು ಕೇಳಿಸಿತು. ಪ್ರೊಫೆಸರು ನಗಲಿಲ್ಲ. ಎದ್ದು ಬಂದು ಹಾಳೆಯ ಮುಂದೆ ನಿಂತರು. "ನಡುವಿನಿಂದ ಶುರುಮಾಡಿದಾರೆ ಅಲ್ವಾ?" ಎಂದರು. ನನಗೆ ಅವರ ಕಾಲಿಗೆ ಬೀಳೋಣ ಎನ್ನಿಸಿತು.

ಆಗ ಹೂಂ ಮೇಡಂ ಕೇಳಿದರು: "ಹಾಗಾದ್ರೆ ನೀನೇನು ಮಾಡ್ದೆ?"

ಅಪ್ಪ, ಅಲ್ಲಿಗೆ ನನ್ನ ಸೀಟು ಹೋಯಿತು ಎಂದುಕೊಂಡೆ. "ನಾನು ತಪ್ಪು ಮಾಡಿದೆ ಮೇಡಂ. ಎಲ್ಲಿ ಮಾಡಿದೆ, ಯಾಕೆ ಮಾಡಿದೆ, ಎಲ್ಲೀವರೆಗೆ ಅದು ತಪ್ಪಲ್ಲ ಅನ್ನೋದು ಗೊತ್ತು" ಎಂದು ಹೇಳಿ, ಎರಡು ಚೌಕದ ಪಟ್ಟಿಯಿಂದ ಹಿಡಿದು ಎಲ್ಲವನ್ನೂ ವಿವರಿಸಿದೆ. ಅರ್ಧ ಗಂಟೆ ಮಾತಾಡಿದೆನಂತೆ. ನನಗೆ ಐದು ನಿಮಿಷ ಅನ್ನಿಸಿತು. ಕೊನೆಯಲ್ಲಿ ಮೇಡಂ "ಹೂಂ" ಎಂದು, ಸ್ವಲ್ಪ ತಡೆದು, "ಸರಿ" ಎಂದರು. ಆ ಎರಡನೆಯ ಮಾತು ಈ ವಿಭಾಗದಲ್ಲಿ ಯಾರೂ ಕೇಳಿರಲಿಲ್ಲ.

ಆಮೇಲೆ ಕೋಣೆಗೆ ಕರೆದು ಕೂರಿಸಿದರು. ಕೇಳಿ, ನೀವು ನಂಬುವುದಿಲ್ಲ. ಆ ಪ್ರಶ್ನೆ ಸುಳ್ಳೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು! ಇಪ್ಪತ್ತೊಂದು ತುಂಡಿನ ಚಿತ್ರವನ್ನು ಯಾರೋ ಎಷ್ಟೋ ವರ್ಷದ ಹಿಂದೆಯೇ ಕಂಡುಹಿಡಿದಿದ್ದಾರಂತೆ. ಪ್ರತಿ ವರ್ಷವೂ ತಮ್ಮ ಕೈಕೆಳಗಿನ ವಿದ್ಯಾರ್ಥಿಗೆ ಒಂದು ಸುಳ್ಳು ಮಾತು ಕೊಟ್ಟು "ಸಾಧಿಸಿ" ಎನ್ನುವುದು ಅವರ ಪದ್ಧತಿ. "ಹನ್ನೊಂದು ಜನಕ್ಕೆ ಕೊಟ್ಟಿದೀನಿ. ಎಂಟು ಜನ ಸಾಧಿಸಿದ್ರು" ಎಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನೀನೂ ಸಾಧಿಸಿದೋಳೇ. ಆದ್ರೆ ಸಾಧಿಸಿದ ಮೇಲೆ ವಾಪಸ್ ಬಂದು ತಪ್ಪು ಅಂದೋಳು ನೀನೊಬ್ಬಳೇ" ಎಂದರು.

ನನ್ನ ಹೆಸರನ್ನೇ ಬರೆದುಕೊಟ್ಟಿದ್ದಾರೆ.

ಅವರು ನಿನಗೆ ನಮಸ್ಕಾರ ಹೇಳಿದ್ದಾರೆ ಅಪ್ಪ. ನಾನು ಕೇಳಿಸಿಕೊಂಡದ್ದು ಸರಿಯೋ ಎಂದು ಇನ್ನೊಮ್ಮೆ ಕೇಳಿದೆ. "ಹೂಂ" ಎಂದರು.

ನಿಮ್ಮ
ಟೇಪಮ್ಮ


ಮಾರ್ಚ್ ೨

ಅಪ್ಪಾ,

ಇದರ ಜೊತೆಗೆ ಇನ್ನೊಂದು ಲಕೋಟೆ ಇದೆ. ಅದು ದೊಡ್ಡ ಟೀಚರಿಗೆ. ಕೆಲಸ ಬೇಡ ಎಂದು ಬರೆದಿದ್ದೇನೆ. ಅಂಚೆಯಲ್ಲಿ ನೇರವಾಗಿ ಶಾಲೆಗೇ ಕಳಿಸಬಹುದಿತ್ತು. ಎರಡು ಸಲ ಡಬ್ಬಿಯವರೆಗೆ ಹೋಗಿ ವಾಪಸು ಬಂದೆ. ನಿನಗೆ ತಿಳಿಯದೆ ಅದು ಅವರ ಕೈ ಸೇರುವುದು ನನಗೆ ಇಷ್ಟವಿಲ್ಲ. ನೀನೇ ಕೊಡುತ್ತೀಯಾ?

ಐದು ವರ್ಷ ಅಂದರೆ ಐದು ವರ್ಷ. ಅದನ್ನು ಕಡಿಮೆ ಮಾಡಿ ಹೇಳಲು ನನಗೆ ಬರುವುದಿಲ್ಲ. ಹೋಗಬೇಕೆಂದು ತುಂಬಾ ಆಸೆಯಿದೆ, ನಿಮ್ಮಿಬ್ಬರನ್ನು ಬಿಟ್ಟು ಹೋಗಲು ಮನಸ್ಸೂ ಇಲ್ಲ. ಎರಡೂ ನಿಜ.

ಟೇಪಮ್ಮ


ಮಾರ್ಚ್ ೨೪

ಟೇಪಮ್ಮನಿಗೆ,

ನಿನ್ನ ಲಕೋಟೆ ನನ್ನ ಅಂಗಿಯ ಜೇಬಿನಲ್ಲಿ ನಾಲ್ಕು ದಿನ ಇತ್ತು. ಸುಳ್ಳು ಹೇಳುವುದಿಲ್ಲ. ಐದನೇ ದಿನ ನಿಮ್ಮಮ್ಮ ಅಂಗಿ ಒಗೆಯಲು ಎತ್ತಿಕೊಂಡಳು. ಜೇಬು ನೋಡಿ, ಲಕೋಟೆ ನನ್ನ ಕೈಗಿಟ್ಟು, ನನ್ನ ಚಪ್ಪಲಿ ತಂದು ಮುಂದಿಟ್ಟಳು.

ಹನ್ನೊಂದು ನಿಮಿಷದ ದಾರಿಗೆ ಅವತ್ತು ಅರ್ಧ ಗಂಟೆ ಹಿಡಿಯಿತು. ದೊಡ್ಡ ಟೀಚರ್ ಓದಿದರು. "ಬರಲ್ವಾ?" ಎಂದರು. "ಬರಲ್ಲ" ಎಂದೆ. ಹೇಳಿದ ಮೇಲೂ ಬಾಗಿಲಲ್ಲೇ ನಿಂತಿದ್ದೆ. ಅವರು ಕುರ್ಚಿ ಎಳೆದುಕೊಟ್ಟು, ನೀರು ತರಿಸಿ, "ಅಂಥದ್ದೇನು ಓದ್ತಾಳೆ ಹೇಳಿ" ಎಂದು ಕೇಳಿದರು. ಬಾಯಲ್ಲಿ ಹೇಳುವುದು ನನಗೆ ಬರುತ್ತದೆಯೇ? ಸೀಮೆಸುಣ್ಣ ಕೇಳಿ ಇಸಕೊಂಡು ಅವರ ಆಫೀಸಿನ ನೆಲದ ಮೇಲೆ ಏಳು, ಹದಿನೈದು ಚೌಕ ಎಳೆದೆ. ಅಲ್ಲೇ ಇದ್ದ ರಟ್ಟಿನಲ್ಲಿ ತುಂಡು ಕತ್ತರಿಸಿ ಕೊಟ್ಟು, "ಕೂರಿಸಿ ನೋಡಿ" ಎಂದೆ. ದೊಡ್ಡ ಟೀಚರ್ ನೆಲದ ಮೇಲೆ ಕೂತವರು ಬೆಲ್ ಹೊಡೆದರೂ ಏಳಲಿಲ್ಲ. ಜವಾನ ಬಂದು ನೋಡಿ ಹೆದರಿ ವಾಪಸು ಹೋದ.

ಎದ್ದು ಸೀರೆ ಕೊಡವಿಕೊಂಡು ಅವರೆಂದರು: "ಶನಿವಾರ ಶನಿವಾರ ಕೊನೇ ಪೀರಿಯಡ್ಡು ಬಂದು ಮಕ್ಕಳಿಗೆ ಇದನ್ನ ತೋರಿಸ್ತೀರಾ?" ನಾನು ಹತ್ತನೇ ಕ್ಲಾಸು ಫೇಲು ಎಂದೆ. ಅವರಿಗೆ ಅದು ನೆನಪಿತ್ತು, ನನ್ನ ಕ್ಲಾಸ್‌ಮೇಟಲ್ಲವೇ ಅವರು.

ಮೊನ್ನೆ ಮೊದಲ ಕ್ಲಾಸು. ನಿಮ್ಮಮ್ಮ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು. ನಲವತ್ತು ಮಕ್ಕಳು, ನಾನು ಒಳಗೆ ಹೋದ ಕೂಡಲೇ ಎಲ್ಲ ಎದ್ದು ನಿಂತವು. ನಾನು ಹಿಂದೆ ಯಾರೋ ಬರುತ್ತಿದ್ದಾರೆ ಎಂದು ತಿರುಗಿ ನೋಡಿದೆ. ತುಂಡುಗಳನ್ನು ಹಂಚಿ, ನಿಮ್ಮ ಹೂಂ ಮೇಡಂ ಮಾಡಿದ ಹಾಗೆಯೇ, "ಬೆಸ ತುಂಡಿನಿಂದ ಆಯತ ಆಗಲ್ಲ" ಎಂದು ಹೇಳಿ ಸುಮ್ಮನೆ ನಿಂತೆ. ಮೂವತ್ತೊಂಬತ್ತು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡವು. ಕಿಟಕಿ ಪಕ್ಕದ ಹುಡುಗಿಯೊಬ್ಬಳು ಬರೆದುಕೊಳ್ಳದೆ, "ಯಾಕೆ ಆಗಲ್ಲ?" ಎಂದಳು. ನನಗೆ ಉತ್ತರ ಬಾಯಿತುದಿಯಲ್ಲಿತ್ತು. "ಹೂಂ" ಎಂದೆ. ಅವಳು ಮುಖ ಊದಿಸಿಕೊಂಡು ತುಂಡು ಹಿಡಿದು ಕೂತಳು, ಬೆಲ್ ಹೊಡೆದ ಮೇಲೂ ಕೂತೇ ಇದ್ದಳು. ಬಾಗಿಲ ಹತ್ತಿರ ನಿಂತು ಅವಳನ್ನು ನೋಡುತ್ತಾ, ನೀನು ಹೋಗುತ್ತಿರುವುದು ಸರಿ ಎಂದು ಮೊದಲ ಸಲ ನನಗೆ ಪೂರ್ತಿಯಾಗಿ ಅನ್ನಿಸಿತು.

ಐದು ವರ್ಷ ನಿಧಾನವಾಗಿ ಓದು. ಬೇಕಾದರೆ ಆರು ಮಾಡಿಕೋ. ಊರಿಗೆ ಬರಲು ಅವಸರಪಡಬೇಡ, ಇಲ್ಲಿ ಲೆಕ್ಕದ ಟೀಚರ್ ಕೆಲಸ ಖಾಲಿಯಿಲ್ಲ.

ನಿನ್ನಪ್ಪ